ಮೊಮ್ಮಗಳ ಉಸಿರೂ ನನ್ನ ಮೆಣಸಿನಕಾಯಿಯೂ

ನನ್ನ ಕಿವಿಯ ಮೇಲೆ ನನಗೆ ಬಹಳ ಜಂಬ. ಅಟ್ಟದ ಮೇಲೆ ಒಣಗಲು ಹಾಕಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಕೊಬ್ಬರಿಯಾಗಿದೆಯೋ ಇನ್ನೆರಡು ತಿಂಗಳು ಬೇಕೋ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಪಾಸಾದ ವಿದ್ಯೆ ಇದೊಂದೇ. ಅಂಥ ಕಿವಿ, ಹೋದ ವಾರ ಒಂದು ಸಂಜೆ ಮೊಮ್ಮಗಳು ಕೆಮ್ಮಿದಾಗ ಅಂಗಳದಲ್ಲಿ ನಾಯಿ ಬೊಗಳಿತೆಂದು ನಂಬಿತು. ಕೋಲು ಹಿಡಿದು ಹೊರಗೆ ಹೋದೆ. ನಾಯಿ ಇರಲಿಲ್ಲ.

ಸಿರಿಗೆ ಎರಡು ವರ್ಷ. ಎರಡು ದಿನದಿಂದ ಮೂಗು ಸೋರುತ್ತಿತ್ತು. ಈಗ ದನಿ ಒಡೆದಿತ್ತು. ಉಸಿರೆಳೆದಾಗಲೆಲ್ಲ ಗಂಟಲಲ್ಲಿ ಕೀರಲು ಸದ್ದು, ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು. ಆ ಬೆಳಿಗ್ಗೆ ನಮ್ಮ ಕಣಕಟ್ಟೆಯ ಬೀದಿಯಲ್ಲಿ ಮೂವರು ಅವಳ ಕೆನ್ನೆ ಹಿಂಡಿ ಹೊಗಳಿದ್ದರು. ನನಗೆ ರೋಗ ತಿಳಿದುಹೋಯಿತು. ಒಣಮೆಣಸಿನಕಾಯಿ, ಉಪ್ಪು ನೀವಳಿಸಿ ಕೆಂಡಕ್ಕೆ ಹಾಕಿದೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲವಂತೆ. ಬಂತು. ಮನೆಮಂದಿಯೆಲ್ಲ ಕೆಮ್ಮಿದೆವು. ಮಗು ಅತ್ತಿತು; ಅತ್ತಷ್ಟೂ ಉಸಿರು ಸಿಕ್ಕಿಕೊಂಡಿತು.

ಸೊಸೆ ಸುಮಾ ಮಗುವನ್ನು ಎತ್ತಿಕೊಂಡು, "ಅತ್ತೆ, ಬಾಗ್ಲು ತೆಗೀರಿ, ಆಟೋ ಕರೀರಿ. ಇನ್ನೇನೂ ಮಾಡ್ಬೇಡಿ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ನನಗೆ ಕೊಟ್ಟ ಮೊದಲ ಅಪ್ಪಣೆ ಅದು. ಪಾಲಿಸಿದೆ.

ಆಟೋದಲ್ಲಿ ತಣ್ಣನೆ ಗಾಳಿ. ಸೆರಗು ಹೊದಿಸಲು ಹೋದರೆ ಸುಮಾ ಬಿಡಲಿಲ್ಲ. ಶೀತದ ಮಗುವಿಗೆ ಶೀತಗಾಳಿಯೇ ಎಂದು ಮನಸ್ಸಿನಲ್ಲೇ ಬೈದುಕೊಂಡು, ಮಗುವಿನ ಎದೆಯ ಮೇಲೆ ಕೈಯಿಟ್ಟು ಕೂತೆ. ಆ ಎದೆ ಏಳುವಾಗ ನಾನೂ ಉಸಿರೆಳೆಯುತ್ತಿದ್ದೆ. ಅರಸೀಕೆರೆಯ ಆಸ್ಪತ್ರೆ ಹತ್ತಿರವಾಗುವಷ್ಟರಲ್ಲಿ, ನನ್ನ ಶಾಸ್ತ್ರಕ್ಕೆಲ್ಲ ವಿರುದ್ಧವಾಗಿ, ಕೀರಲು ಅರ್ಧ ಇಳಿದಿತ್ತು.

ಡಾಕ್ಟರಮ್ಮ ಔಷಧಿ ಕುಡಿಸಿ, ಇದು ಪ್ಯಾರಾಇನ್‌ಫ್ಲುಯೆಂಜಾ ಅನ್ನೋ ವೈರಸ್ಸಿನ ಕೆಲಸ ಇರಬೇಕು ಎಂದರು. ದೊಡ್ಡವರಿಗೆ ಬರೀ ನೆಗಡಿ ಮಾಡಿ ಹೋಗುತ್ತದಂತೆ; ಮಕ್ಕಳ ಉಸಿರಿನ ದಾರಿ ಕಿರಿದು, ಒಳಗೆ ಊದಿಕೊಂಡರೆ ಈ ಕೆಮ್ಮು. ಅದಕ್ಕೂ ಹಿಂದಿನ ವಾರ ನೆಗಡಿಯಾಗಿದ್ದದ್ದು ನನಗೆ. ಮುದ್ದಿಗೆ ಮಾತ್ರ ರಜ ಕೊಟ್ಟಿರಲಿಲ್ಲ. ಊರವರ ಕಣ್ಣು ಹುಡುಕಿದವಳಿಗೆ ನನ್ನ ಮೂಗು ಕಂಡಿರಲಿಲ್ಲ. ಮೆಣಸಿನಕಾಯಿಯ ವಿಷಯವನ್ನೂ ಒಪ್ಪಿಕೊಂಡೆ.

"ಹೊಗೆ ಬೇಡ ಅಜ್ಜಿ. ಮಗೂನ ಅಳಿಸ್ಬೇಡಿ, ಅಷ್ಟೇ" ಎಂದರು.

ಅಳಿಸಲಿಲ್ಲ. ನನ್ನ ಕನ್ನಡಕ, ಎಲೆಅಡಿಕೆ ಚೀಲ, ಸುಮಾಳ ಫೋನು ಎಲ್ಲವೂ ಸಿರಿಯ ವಶವಾದವು. ಇವತ್ತು ಪೂರ್ತಿ ಗುಣ. ಸುಮಾ ಫೋನು ವಾಪಸು ಕಸಿದಳು. ಸಿರಿ ನೆಲಕ್ಕೆ ಬಿದ್ದು, ಪಕ್ಕದ ಬೀದಿಗೂ ಕೇಳುವಂತೆ ಕೂಗಿದಳು. ಸಮಾಧಾನ ಮಾಡಿ ಅತ್ತೆ ಎಂದು ಸುಮಾ ಒಳಗಿನಿಂದ ಕರೆದಳು. ನಾನು ಕಂಬಕ್ಕೆ ಒರಗಿ ಹಾಯಾಗಿ ಕೂತಿದ್ದೆ.

"ಇರು ಕಣಮ್ಮ. ಇಷ್ಟುದ್ದ ಅಳೋಕೆ ಎಷ್ಟು ಉಸಿರು ಬೇಕು. ಒಸಿ ಹೊತ್ತು ಕೇಳ್ತೀನಿ."