ಗ್ಯಾಲರಿಯಲ್ಲಿ ರೋಮಿಂಗ್

ಕಲ್ಯಾಣದ ನಮ್ಮ ಮನೆಯಲ್ಲಿ ಮೊಬೈಲ್‌ನ ಜಾಗ ಅಡುಗೆಮನೆ, ಸಕ್ಕರೆ ಡಬ್ಬಿಯ ಪಕ್ಕ. ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಮಾತ್ರ ಒಯ್ಯುವಂತಿರಲಿಲ್ಲ. ಗ್ಯಾಲರಿಯ ಎದುರಿಗೇ ಖಾಡಿ, ಸಮುದ್ರದ ಹಿನ್ನೀರು. ಖಾಡಿಯ ಆಚೆ ದಡ ಫೋನ್ ಕಂಪನಿಗಳ ಪಾಲಿಗೆ ಮುಂಬಯಿ ಅಲ್ಲ, ಬೇರೆ ಸರ್ಕಲ್, ಬೇರೆಯದೇ ವಲಯ. ಅಲ್ಲಿಯ ಟವರ್ ನಮ್ಮ ಗ್ಯಾಲರಿಯೂ ತನ್ನದೇ ಎಂದುಕೊಂಡಿತ್ತು. ಪರದೆಯ ಮೂಲೆಯಲ್ಲಿ ಸಣ್ಣ ತ್ರಿಕೋನ ಮೂಡಿತೆಂದರೆ ರೋಮಿಂಗ್. ಬಂದ ಕರೆಗೂ ದುಡ್ಡು ನಮ್ಮದೇ. ಒಮ್ಮೆ ಅಮ್ಮ ಅಲ್ಲಿ ಬಟ್ಟೆ ಹರವುತ್ತ ತನ್ನ ಅಕ್ಕನ ಕಷ್ಟಸುಖ ಕೇಳಿ, ತಿಂಗಳ ರೀಚಾರ್ಜನ್ನೆಲ್ಲ ಖಾಲಿ ಮಾಡಿಕೊಂಡಿದ್ದಳು.

ನಾನಾಗ ಕೋಪರಖೈರಣೆ ಹತ್ತಿರದ ಒಂದು ಮೊಬೈಲ್ ಕಂಪನಿಯ ಪ್ರೀಪೇಡ್ ವಿಭಾಗದಲ್ಲಿದ್ದೆ. ಜನ ಮಾತಾಡುತ್ತಿರುವಾಗಲೇ ಅವರ ದುಡ್ಡು ಹೇಗೆ ಕರಗುತ್ತದೆ ಎಂದು ನೋಡುವುದೇ ನನ್ನ ಕೆಲಸ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಪ್ಪನಿಗೆ ಅದನ್ನು ವಿವರಿಸಿದ್ದೆ. ಕಂಪನಿಯ ಕಂಪ್ಯೂಟರ್ ಸರ್ವರ್ ಮೊದಲು ಚೂರು ದುಡ್ಡು ತೆಗೆದಿಟ್ಟುಕೊಂಡು ಅಷ್ಟಕ್ಕೆ ಮಾತ್ರ ಮಾತಾಡಲು ಬಿಡುತ್ತದೆ. ಅದು ಮುಗಿದರೆ ಇನ್ನೊಂದು ಚೂರು ಕೇಳುತ್ತದೆ. ಇಲ್ಲದಿದ್ದರೆ ಕರೆ ಕಟ್.

"ಅಂದ್ರೆ ಒಂದೊಂದು ಇಡ್ಲಿಗೆ ಒಂದೊಂದು ಕೂಪನ್ ಹರಿದ ಹಾಗೆ," ಎಂದಿದ್ದರು ಅಪ್ಪ. "ನಮ್ಮ ಸೇಠ್‌ಗೆ ಹೇಳ್ಬೇಡ ಮಾರಾಯ್ತಿ, ನಾಳೆಯೇ ಶುರು ಮಾಡ್ತಾರೆ."

ಆ ಕೆಲಸ ನನಗೆ ಪ್ರಾಣ. ಕಲ್ಯಾಣದಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ, ಅಲ್ಲಿ ಗಾಡಿ ಬದಲಿಸಿ, ಸಂಜೆ ಹಿಂಡಿದ ನಿಂಬೆಯ ಹಾಗೆ ಮನೆಗೆ ಬಂದರೂ ಪ್ರಾಣ. ಅಷ್ಟರಲ್ಲಿ ಡೊಂಬಿವಲಿಯಿಂದ ಒಂದು ಸಂಬಂಧ ಬಂತು. ಹುಡುಗ ಸಾಧು, ಮನೆತನ ಒಳ್ಳೆಯದು, ಆದರೆ ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು. ಹುಡುಗನ ಸೋದರಮಾವ ರವಿವಾರ ಬೆಳಿಗ್ಗೆ ಫೋನ್ ಮಾಡಿ ಕೊನೆಯ ಮಾತು ಕೇಳುವವರಿದ್ದರು. ಅಪ್ಪನ ಬಾಯಲ್ಲಿ 'ಇಲ್ಲ' ಎಂಬುದು ಹೊರಟದ್ದನ್ನು ನಾನು ಕೇಳಿದವಳೇ ಅಲ್ಲ. ಹರಿದ ನೋಟು ಚಾಚಿದ ಗಿರಾಕಿಗೂ ಅವರದು "ಆಯ್ತು ಬಿಡಿ".

ಹಾಗಾಗಿ ನಾನೇ ಒಂದು ಕಿತಾಪತಿ ಹೂಡಿದೆ. ಆ ಸೋದರಮಾವ ಭಾರೀ ಬಿಗುಮಾನದವರು. ಕೊನೆಯ ಮಾತಿನ ಹೊತ್ತಿಗೆ ಕರೆ ತುಂಡಾದರೆ ಮುಖಕ್ಕೇ ಫೋನಿಟ್ಟರು ಎಂದು ಸಿಡಿದೆದ್ದು, ಸಂಬಂಧವನ್ನು ತಾವೇ ಮುರಿಯುತ್ತಾರೆ ಎಂಬುದು ನನ್ನ ಲೆಕ್ಕ. ಶನಿವಾರ ಅಪ್ಪನ ಫೋನಿನಿಂದ ಗೆಳತಿಯೊಂದಿಗೆ ಹರಟಿ, ರೋಮಿಂಗಿನಲ್ಲಿ ಎರಡು-ಮೂರು ನಿಮಿಷಕ್ಕೆ ಸಾಲುವಷ್ಟು ಮಾತ್ರ ಉಳಿಸಿದೆ. ರವಿವಾರ ಗ್ಯಾಲರಿಯಲ್ಲಿ ಕುರ್ಚಿ ಹಾಕಿ, ಚಹಾ ಇಟ್ಟು, ಫೋನನ್ನೂ ಅಲ್ಲಿಗೆ ತಂದುಕೊಟ್ಟೆ.

"ಇಲ್ಲಿ ರೋಮಿಂಗ್ ಅಲ್ವಾ?" ಅಪ್ಪ ಕೇಳಿದರು.

"ಅದೆಲ್ಲ ಈಗ ಸರಿ ಮಾಡಿದಾರೆ ಅಪ್ಪ. ಇವತ್ತು ಒಳಗೇ ರೇಂಜ್ ಸರಿ ಸಿಗ್ತಿಲ್ಲ."

ಕಂಪನಿಯವಳೇ ಹೇಳಿದ ಮೇಲೆ ಇನ್ನೇನು, ಅವರು ನಂಬಿದರು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಫೋನ್ ಬಂತು. ಸೋದರಮಾವ ನಾನು ಎಣಿಸಿದ್ದಕ್ಕಿಂತ ಒಳ್ಳೆಯವರು: ಮಳೆ, ಮಂಡಿನೋವು, ಲೋಕಲ್ ಗಾಡಿಯ ಗದ್ದಲ ಎಂದು ಎರಡು ನಿಮಿಷ ತಿಂದರು. ನಾನು ಬಾಗಿಲ ಮರೆಯಲ್ಲಿ ಗಡಿಯಾರ ನೋಡುತ್ತಿದ್ದೆ. ಅಷ್ಟರಲ್ಲಿ ಬ್ಯಾಲೆನ್ಸ್ ಮುಗಿಯುತ್ತಿರುವ 'ಟುಯ್ ಟುಯ್' ಅಪ್ಪನ ಕಿವಿಗೆ ಬಿತ್ತು. ಅವರು ಗಾಬರಿಯಿಂದ ಅಮ್ಮನತ್ತ ತಿರುಗಿ ಹೆಬ್ಬೆರಳು, ತೋರುಬೆರಳು ಉಜ್ಜಿ ತೋರಿಸಿದರು. ಅಮ್ಮ ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು, ಕೈಯಲ್ಲಿದ್ದ ಸೌಟಿನ ಸಮೇತ ಮೆಟ್ಟಿಲಿಳಿದಳು. ಬಿಲ್ಡಿಂಗಿನ ಕೆಳಗೇ ರೀಚಾರ್ಜ್ ಅಂಗಡಿ.

"ಭಾಯ್ಸಾಬ್, ಪಚಾಸ್ ಡಾಲೋ, ಜಲ್ದಿ! ಲಡಕೀಕಾ ರಿಶ್ತಾ ಹೈ!" ಬೇಗ ಐವತ್ತು ಹಾಕಿ, ಮಗಳ ಸಂಬಂಧದ ಮಾತು ಎಂಬ ಅಮ್ಮನ ಹಿಂದಿ ಇಡೀ ಸೊಸೈಟಿಗೆ ಕೇಳಿಸಿತು.

ಸರ್ವರ್ ಡೌನ್ ಆಗಲಿ ದೇವರೇ ಎಂದು ಬೇಡಿಕೊಂಡೆ. ಸರ್ವರ್ ಡೌನ್ ಆದ ದಿನಗಳಲ್ಲಿ ಗಿರಾಕಿಗಳಿಂದ ಬೈಸಿಕೊಂಡವಳು ನಾನೇ. ಆ ರವಿವಾರ ಮಾತ್ರ ನಮ್ಮ ಕಂಪನಿ ಒಂದು ಕ್ಷಣವೂ ತಡಮಾಡಲಿಲ್ಲ. ಹಳೆಯ ಚೂರು ಮುಗಿಯುವುದರೊಳಗೆ ಹೊಸ ದುಡ್ಡು ಜಮೆಯಾಗಿತ್ತು. ಮಾತು ಎಲ್ಲೂ ತಡೆಯದೆ ನೇರ ನನ್ನ ಕೆಲಸಕ್ಕೆ ಬಂತು.

"ಕೆಲಸ ಬಿಡೂದಾ..." ಎಂದು ಅಪ್ಪ ರಾಗ ಎಳೆದರು. ಇನ್ನು 'ಆಯ್ತು' ಬರುವುದೊಂದೇ ಬಾಕಿ.

ನಾನು ಬಾಗಿಲ ಮರೆಯಿಂದ ಈಚೆ ಬಂದು, "ನಾನು ಕೆಲಸ ಬಿಡೂದಿಲ್ಲ!" ಎಂದುಬಿಟ್ಟೆ. ಗಂಟಲು ಜೋರೇ ಇತ್ತು. ರೋಮಿಂಗ್ ತನ್ನ ಪಾಡಿಗೆ ಓಡುತ್ತಿತ್ತು.

ಅಪ್ಪ ನನ್ನನ್ನು ನೋಡಿದರು, ಆಮೇಲೆ ಫೋನಿಗೆ ಹೇಳಿದರು: "ಕೇಳಿತಲ್ಲ? ಅವಳು ಬಿಡೂದಿಲ್ಲಂತೆ. ನಾನೂ ಬಿಡಿಸೂದಿಲ್ಲ. ಬೇಜಾರು ಮಾಡ್ಕೋಬೇಡಿ." ಫೋನಿಟ್ಟು ಅವರು ಕುರ್ಚಿಗೆ ಒರಗಿದರು. ಇಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಅಮ್ಮ, "ದುಡ್ಡು ಬಂತಾ? ಎಂತ ಹೇಳಿದ್ರು?" ಎಂದಳು.

"ಬಂತು ಬಂತು. ಅವರಲ್ಲ, ನಾನೇ ಹೇಳಿದೆ," ಎಂದರು ಅಪ್ಪ.

ಆಮೇಲೆ ನಾನು ನನ್ನ ಕಿತಾಪತಿಯನ್ನೆಲ್ಲ ಒಪ್ಪಿಕೊಂಡೆ. ಅಮ್ಮ ಐವತ್ತು ರೂಪಾಯಿಗೆ ಬಾಯ್ತುಂಬ ಬೈದಳು. ಅಪ್ಪ ಬೈಯಲಿಲ್ಲ. ಫೋನನ್ನು ನನ್ನ ಕೈಗಿಟ್ಟು, "ಎರಡು ವಾರದಿಂದ ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ," ಎಂದರು. "ನನ್ನ ಹತ್ರ ಒಂದು ಮಾತು ಹೇಳೂದು ಅಷ್ಟು ಕಷ್ಟ ಆಯ್ತಾ ನಿಂಗೆ?"

ಟವರ್, ಸರ್ಕಲ್, ಬ್ಯಾಲೆನ್ಸ್ ಎಲ್ಲದಕ್ಕೂ ಹೊಂಚು ಹಾಕಿದ್ದ ನನಗೆ ಅದೊಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವರ ಮುಖ ನೋಡಲಾಗದೆ, ತಣ್ಣಗಾಗಿದ್ದ ಚಹಾ ಬಿಸಿ ಮಾಡಲು ಎದ್ದೆ.