ಬೆಳಿಗ್ಗೆ ಏಳದ ಮೆಷಿನ್

ಬಾರ್ಕೂರಿನ ಹತ್ತಿರದ ನಮ್ಮ ಮನೆಗೆ ಬಚ್ಚಲು ಅಂಟಿಕೊಂಡಿರಲಿಲ್ಲ. ಅಡುಗೆಮನೆಯ ಹಿಂಬಾಗಿಲು ದಾಟಿ, ಬಾವಿಕಟ್ಟೆ ಬಳಸಿ, ತೆಂಗಿನಮರಗಳ ನಡುವಿನ ಕಾಲುದಾರಿಯಲ್ಲಿ ಹೋಗಬೇಕು. ಮಳೆಗಾಲ ಮುಗಿಯುವಾಗ ಆ ದಾರಿಯ ಎರಡೂ ಬದಿಯ ಹುಲ್ಲು ನನ್ನ ಸೊಂಟ ಮುಟ್ಟುತ್ತಿತ್ತು. ಒಳಗೆ ಏನಾದರೂ ಸರಕ್ಕೆಂದರೆ ನಾನು ಸೋಪಿನ ಡಬ್ಬಿ ಸಮೇತ ವಾಪಸ್. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬಾಯಿಪಾಠ ಮಾಡಿಸಿದ ಪ್ರಾರ್ಥನೆಗಳು ಮದುವೆಯಾದ ಮೇಲೆ ನನ್ನ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಆ ದಾರಿಯಲ್ಲಿ.

ಹಾಗಾಗಿ ನಮ್ಮವರು ಪೆಟ್ರೋಲಿನಲ್ಲಿ ಓಡುವ ಹುಲ್ಲು ಹೆರೆಯುವ ಮೆಷಿನ್ ತಂದ ದಿನ ನಾನು ಯಾರೂ ಕೇಳದೆಯೇ ಶಿರಾ ಮಾಡಿದೆ. ಹೆಗಲಿಗೆ ಪಟ್ಟಿ ಹಾಕಿಕೊಂಡು, ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ತಿರುಗಿಸುತ್ತ ಹೋಗುವ ಮೆಷಿನ್ ಅದು. ಅತ್ತೆ ಶಿರಾ ತಿಂದರು, ಮೆಷಿನ್ ಒಪ್ಪಲಿಲ್ಲ.

"ಕತ್ತಿ ಹಿಡ್ದ್ ಹುಲ್ಲ್ ಹೆರುವವ್ರಿಗೆ ಕಣ್ಣಿತ್ತ್. ಇದ್ಕೆ ಕಣ್ಣಿತ್ತಾ? ನಾಗನಿಗೆ ತಾಗ್ರೆ ಎಂತ ಮಾಡುದ್?"

ನಮ್ಮೂರಿನಲ್ಲಿ ಈ ಪ್ರಶ್ನೆಗೆ ಯಾವ ಕಂಪನಿಯ ಗ್ಯಾರಂಟಿ ಕಾರ್ಡಿನಲ್ಲೂ ಉತ್ತರವಿಲ್ಲ. ಕೊನೆಗೆ ಅತ್ತೆಯೇ ದಾರಿ ಕಂಡುಹಿಡಿದರು. ಮೆಷಿನ್ ಹೊರಡುವ ಮೊದಲು ತಾವು ಕೋಲು ಹಿಡಿದು ನೆಲಕ್ಕೆ ಬಡಿಯುತ್ತ ಹುಲ್ಲಿನ ಅಂಚಿನಲ್ಲಿ ನಡೆಯುವುದು. "ಹ್ವಾಯ್, ಸ್ವಲ್ಪ ಬದಿಗ್ ಹೋಯ್ನಿ. ನಮ್ಮನಿ ಮಾಣಿ ಮೆಷಿನ್ ತಕಂಡ್ ಬತ್ತಾ ಇತ್ತ್" ಎಂದು ನಾಗನಿಗೆ ಬಹುವಚನದಲ್ಲೇ ಹೇಳುತ್ತಿದ್ದರು. ನಲವತ್ತು ದಾಟಿದ ಮಾಣಿ, ಅಂದರೆ ನಮ್ಮವರು, ಕನ್ನಡಕ ಹಾಕಿಕೊಂಡು ಹಿಂದೆ ಕಾಯುತ್ತ ನಿಲ್ಲುತ್ತಿದ್ದರು.

ಬರಬರುತ್ತ ಅತ್ತೆಗೆ ಮೆಷಿನ್ನಿನ ಮೇಲೆ ಅಕ್ಕರೆ ಬಂತು. ಆ ವರ್ಷದ ಆಯುಧಪೂಜೆಗೆ ಅದನ್ನು ಸ್ಕೂಟರ್, ಮೆಟ್ಟುಕತ್ತಿ, ಕಾಯಿ ಹೆರೆಯುವ ಮಣೆಗಳ ಸಾಲಿನಲ್ಲಿ ನಡುವೆ ಕೂರಿಸಿ ಸೇವಂತಿಗೆ ಮುಡಿಸಿದರು. ನಾನು ಒಳಗೆ ಕಡುಬು ಇಳಿಸುತ್ತಿದ್ದೆ. ಹೊರಗೆ ಅತ್ತೆ ಎಣ್ಣೆ ಗಿಂಡಿ ಹಿಡಿದು ಒಂದೊಂದನ್ನೇ ಉಪಚರಿಸುತ್ತಿದ್ದರು. ಬಾಗಿಲು ಕಿರುಗುಟ್ಟಲಿ, ಮಂಡಿ ತರಚಲಿ, ಹೊಲಿಗೆ ಮೆಷಿನ್ ಮುನಿಯಲಿ, ಅವರ ಬಳಿ ಇದ್ದದ್ದು ಒಂದೇ ಮದ್ದು: ತೆಂಗಿನೆಣ್ಣೆ. ಪೂಜೆಯಾದ ಮೇಲೆ ಮೆಷಿನ್ ಗೋಣಿಚೀಲ ಹೊದ್ದು ಕೊಟ್ಟಿಗೆ ಸೇರಿತು.

ಡಿಸೆಂಬರಿನಲ್ಲಿ ಹೊರಗೆ ತೆಗೆದಾಗ ಅದು ಏಳಲಿಲ್ಲ. ನಮ್ಮವರು ಬ್ರಹ್ಮಾವರದ ಕಚೇರಿಗೆ ಹೊರಡುವ ಮೊದಲು, ಬೆಳಗಿನ ತಂಪಿನಲ್ಲಿ, ಹಗ್ಗ ಎಳೆದರು. ಬುರ್ರ್ ಎಂದು ಸುಮ್ಮನಾಯಿತು. ಬನಿಯನ್ ಒದ್ದೆಯಾಗುವವರೆಗೆ ಎಳೆದರು. ಮಾರನೆಯ ಬೆಳಿಗ್ಗೆಯೂ ಅಷ್ಟೇ. ಅವರು ಸ್ಕೂಟರಿನಲ್ಲಿ ಹೋಗುವಾಗ ಬಲತೋಳು ಎಡತೋಳಿಗಿಂತ ಕೆಳಗೆ ಇಳಿದಿರುವುದು ನನಗೆ ಜಗಲಿಯಿಂದಲೇ ಕಾಣುತ್ತಿತ್ತು.

ಅದೇ ವಾರ ವಂಡ್ಸೆಯಿಂದ ಭಾವ, ಅಂದರೆ ನಮ್ಮವರ ಅಕ್ಕನ ಗಂಡ, ಊಟಕ್ಕೆ ಬಂದರು. ಮೀನುಸಾರು ಉಂಡು, ಮಧ್ಯಾಹ್ನದ ಬಿಸಿಲಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ, ಕೊಟ್ಟಿಗೆಗೆ ಹೋಗಿ ಸುಮ್ಮನೆ ಹಗ್ಗ ಎಳೆದರು. ಮೆಷಿನ್ ಒಂದೇ ಎಳೆತಕ್ಕೆ ಗರ್ಜಿಸಿತು. ನೀಲಿ ಹೊಗೆ ಎದ್ದಿತು. ಆಚೆಮನೆಯಾಕೆ ಬೇಲಿಯ ಮೇಲಿಂದ ಕತ್ತು ಚಾಚಿ, ಗಾಳಿ ಮೂಸಿ, "ಎಂತ ಹಪ್ಪಳ ಕರೀತ್ರಿಯಾ?" ಎಂದಳು. ನಾನು ಇಲ್ಲವೆಂದೆ. ಅವಳು ನಂಬಲಿಲ್ಲ.

ಸಂಜೆ ನಮ್ಮವರು ಬಂದಾಗ ಭಾವ ಜಗಲಿಯಲ್ಲಿ ಕಾದಿದ್ದರು. "ಮೆಷಿನ್ನಿಗೂ ಆಳಿನ ಗುರ್ತ ಸಿಕ್ಕತ್ತ್ ಮಾರಾಯ. ನಾ ಎಳ್ದದ್ದೇ ಎದ್ದ್ ಕೂತ್‌ತ್."

ನಮ್ಮವರು ಮರುದಿನ ಅದನ್ನು ಸ್ಕೂಟರಿಗೆ ಕಟ್ಟಿ ಬ್ರಹ್ಮಾವರದ ಮೆಕ್ಯಾನಿಕ್ಕಿನ ಬಳಿ ಬಿಟ್ಟರು. ಅವನು ಮಧ್ಯಾಹ್ನ ಎಳೆದ, ಎದ್ದಿತು. ಪ್ಲಗ್ ಒರೆಸಿ ಹಾಕಿ, "ಎಂತದೂ ಆಯ್ಲಿಲ್ಲೆ ಸರ್, ಎಳೂಕೆ ಅಭ್ಯಾಸ ಬೇಕ್" ಎಂದು ಕಳಿಸಿದ. ಮರುದಿನ ಬೆಳಿಗ್ಗೆ ಮನೆಯಲ್ಲಿ ಮತ್ತೆ ಬುರ್ರ್.

ಸುದ್ದಿ ವಂಡ್ಸೆ ಮುಟ್ಟಿತು. ಭಾವ ಫೋನಿನಲ್ಲಿ, ನನಗೂ ಕೇಳುವಷ್ಟು ಜೋರಾಗಿ, "ಆಯ್ತಾರ ಬೆಳಿಗ್ಗೆ ಬತ್ತೆ. ನನ್ನೆದ್ರ್ ನೀನ್ ಶುರು ಮಾಡ್ರೆ ಸೈ, ಇಲ್ದಿರೆ ವಂಡ್ಸಿಗೆ ತಕಂಡ್ ಹೋತೆ" ಎಂದರು. ನಮ್ಮವರು ಸಿಟ್ಟಿನಲ್ಲಿ "ತಕಂಡ್ ಹೋಯ್ನಿ!" ಎಂದುಬಿಟ್ಟರು. ಮರ್ಯಾದೆ ಪಣಕ್ಕಿಟ್ಟವರು ಅವರು, ಬಚ್ಚಲಿನ ದಾರಿ ಕಳೆದುಕೊಳ್ಳುವವಳು ನಾನು.

ಮೆಷಿನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಪುಸ್ತಕ ನೋಡಿ ಮೆಷಿನ್ ನಡೆಸುವುದು ನಮ್ಮ ಮನೆಯ ಗಂಡಸರ ಕ್ರಮವಲ್ಲ. ನಾನು ಓದಿದೆ. ಅದರ ವ್ಯಾಕರಣ ಕಂಡಿದ್ದರೆ ನಮ್ಮ ಸಿಸ್ಟರ್ ಇಡೀ ಪುಟಕ್ಕೆ ಕೆಂಪು ಗೀಟು ಎಳೆಯುತ್ತಿದ್ದರು. ಆದರೂ ಅರ್ಥವಾಯಿತು. ಎಂಜಿನ್ ಏಳದಿದ್ದರೆ ಪೆಟ್ರೋಲ್ ನೋಡಿ, ಪ್ಲಗ್ ನೋಡಿ, ಗಾಳಿ ಸೋಸುವ ಸ್ಪಂಜು ನೋಡಿ. ಮೊದಲೆರಡು ಆಗಿದ್ದವು.

ಭಾನುವಾರ ಬೆಳಿಗ್ಗೆ ಚಳಿ ಇತ್ತು. ತಲೆಗೆ ಹಚ್ಚಲು ಹೋದರೆ ಎಣ್ಣೆ ಬಾಟಲಿಯಿಂದ ಇಳಿಯಲಿಲ್ಲ, ಬೆಳ್ಳಗೆ ಗಟ್ಟಿಯಾಗಿತ್ತು. ಬಾಟಲಿಯನ್ನು ಒಲೆದಂಡೆಯ ಮೇಲಿಟ್ಟು ಕೊಟ್ಟಿಗೆಗೆ ಹೋದೆ. ನಮ್ಮವರು ಗಡ್ಡ ಹೆರೆಯುತ್ತಿದ್ದರು, ಬಹಳ ನಿಧಾನವಾಗಿ. ಮೆಷಿನ್ನಿನ ಪಕ್ಕದ ಕಪ್ಪು ಮುಚ್ಚಳದ ತಿರುಪು ಬೆರಳಿಗೇ ಬಂತು. ತೆರೆದೆ. ಒಳಗಿನ ಸ್ಪಂಜಿನ ತೂತುಗಳಲ್ಲೆಲ್ಲ ಬಾಟಲಿಯಲ್ಲಿದ್ದ ಅದೇ ಬಿಳಿ. ಮೂಸಿದರೆ ನಮ್ಮದೇ ಕೊಬ್ಬರಿಯ ಎಣ್ಣೆ.

ಸ್ಪಂಜನ್ನು ಅಡುಗೆಮನೆಗೆ ತಂದೆ. "ಅತ್ತೆ, ಪೂಜೆ ದಿನ ಇದ್ಕೂ ಎಣ್ಣಿ ಹಾಕಿದ್ರಾ?"

"ಹಾಕ್ದೆ. ಮುಚ್ಚಳ ತೆಗ್ದ್ ಕಂಡ್ರೆ ಒಣ್ಗಿ ಕೂತಿತ್ತ್, ಪಾಪ. ಎಲ್ಲದ್ಕೂ ಹಾಕಿ ಅದ್ಕೊಂದ್ ಹಾಕ್ದಿರೆ ಹ್ಯಾಂಗೆ?"

"ಇದ್ ಅದ್ರ ಮೂಗ್, ಅತ್ತೆ. ಬೆಳಿಗ್ಗೆ ಚಳಿಗೆ ಎಣ್ಣಿ ಗಟ್ಟಿ ಆಯಿ ಉಸ್ರ್ ಕಟ್ತಾ ಇತ್ತ್. ಮಧ್ಯಾಹ್ನ ಬಿಸಿಲಿಗೆ ಕರ್ಗತ್ತ್, ಆಗ ಏಳತ್ತ್."

ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು. ತಪ್ಪಾಯಿತೆಂದಲ್ಲ. "ಅಯ್ಯೋ ದೇವ್ರೇ! ಎಣ್ಣಿ ಹಚ್ಚಿ ಮೀಸದೇ ಬಿಟ್ಟ್‌ಬಿಟ್ನಲೆ! ಶೀತ ಆಪ್ದೇ ಮತ್ತೆ!"

ಅಷ್ಟರಲ್ಲಿ ಅಂಗಳದಲ್ಲಿ ಭಾವನ ಧ್ವನಿ. ಕೈಯಲ್ಲಿ ಗೋಣಿಚೀಲ, ಹಗ್ಗ. ಅತ್ತೆ ನನ್ನನ್ನು ಬಚ್ಚಲಿನ ಕಡೆಗೆ ದೂಡಿ, ತಾವು ಜಗಲಿಗೆ ಹೋಗಿ, "ಬನ್ನಿ ಬನ್ನಿ, ಮೊದ್ಲ್ ತಿಂಡಿ" ಎಂದರು. ಆ ದಿನ ಮಾತ್ರ ನಾನು ಹುಲ್ಲಿನೊಳಗಿನ ಯಾವ ಸರಕ್ ಸದ್ದನ್ನೂ ಕೇಳಲಿಲ್ಲ. ಹಂಡೆಯ ಬಿಸಿನೀರು, ಬಟ್ಟೆ ಸೋಪು. ಸ್ಪಂಜು ಹಿಂಡಿದಷ್ಟೂ ಹಾಲಿನಂಥ ನೀರು ಇಳಿಯಿತು. ಅತ್ತೆಯ ಹಳೆ ಸೀರೆಯ ತುಂಡಿನಲ್ಲಿ ಒತ್ತಿ, ಹಂಡೆಯ ಒಲೆಯಿಂದ ಸ್ವಲ್ಪ ದೂರ ಹಿಡಿದು ಆರಿಸಿದೆ. ಜಗಲಿಯಲ್ಲಿ ಭಾವ "ಸಾಕ್ ಅತ್ತೆ, ಹೊಟ್ಟಿ ತುಂಬ್ತ್" ಎನ್ನುವುದೂ, ಅತ್ತೆ "ಇನ್ನೊಂದ್ ದೋಸಿ" ಎನ್ನುವುದೂ ಅಲ್ಲಿಯವರೆಗೂ ಕೇಳುತ್ತಿತ್ತು. ಸ್ಪಂಜು ಒಣಗುವವರೆಗೆ ದೋಸೆ ನಿಲ್ಲಲಿಲ್ಲ.

ನಾನು ಸ್ಪಂಜನ್ನು ಮೆಷಿನ್ನಿನಲ್ಲಿ ಕೂರಿಸಿ, ಮುಚ್ಚಳ ತಿರುಗಿಸಿ ಬಂದು ಅತ್ತೆಗೆ ತಲೆಯಾಡಿಸಿದೆ. ಆಗ ಅತ್ತೆ ಭಾವನಿಗೆ ಕೈ ತೊಳೆಯಲು ನೀರು ಕೊಟ್ಟರು.

ನಮ್ಮವರು ಬಲಿಗೆ ಹೋಗುವ ಕೋಳಿಯ ಹಾಗೆ ಕೊಟ್ಟಿಗೆಗೆ ನಡೆದರು. ಎಳೆದರು. ಬುರ್ರ್. ಭಾವ ಗೋಣಿಯ ಬಾಯಿ ಬಿಡಿಸಿದರು. ನಮ್ಮವರು ಇನ್ನೊಮ್ಮೆ ಎಳೆದರು. ಮೆಷಿನ್ ಎದ್ದ ಸದ್ದಿಗೆ ಬಾವಿಕಟ್ಟೆಯ ಕಾಗೆಗಳು ಹಾರಿದವು.

"ಇದ್ ಹ್ಯಾಂಗ್ ಮಾರಾಯ?" ಭಾವ ಕೂಗಿದರು.

"ಹಗ್ಗ ಎಳೂಕೆ ಒಂದ್ ಕ್ರಮ ಇತ್ತ್ ಭಾವ!" ನಮ್ಮವರೂ ಕೂಗಿದರು. ಬಲತೋಳು ಮೇಲೆದ್ದಿತ್ತು.

ಅತ್ತೆ ನನ್ನ ಮುಖ ನೋಡಿದರು. ನಾನು ತೆಂಗಿನಮರ ನೋಡಿದೆ. ಭಾವನ ಗೋಣಿ ಖಾಲಿ ಹೋಗಬಾರದೆಂದು ಅತ್ತೆ ಅದರಲ್ಲಿ ತೆಂಗಿನಕಾಯಿ ತುಂಬಿಸಿ ವಂಡ್ಸೆಗೆ ಕಳಿಸಿದರು. ಆಮೇಲೆ ಕೋಲು ತೆಗೆದುಕೊಂಡು ನೆಲಕ್ಕೆ ಬಡಿಯುತ್ತ ಹೊರಟರು. ಹಿಂದೆ ಮೆಷಿನ್ ಹೊತ್ತ ಮಾಣಿ. ಅವರಿಬ್ಬರ ಹಿಂದೆ, ಕಲ್ಲು ಹಾರಿ ಬೀಳದಷ್ಟು ದೂರ ಬಿಟ್ಟು, ಸೋಪಿನ ಡಬ್ಬಿ ಹಿಡಿದು ನಾನು. ಒಲೆದಂಡೆಯ ಮೇಲೆ ಕರಗಿದ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡಿದ್ದೆ. ಮೀಯದೆ ಇರುವ ಹಾಗಿರಲಿಲ್ಲ.