ಎಡಗೈ ಗಂಟು

ದಾರದಕ್ಕನ ಕಿವಿಯ ಮೇಲೆ ಯಾವಾಗಲೂ ಒಂದು ತುಂಡು ದಾರ ಇರುತ್ತಿತ್ತು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ಮಗನ ಮದುವೆಯ ಫೋಟೋದಲ್ಲೂ ಇದೆ. ಓಲೆಯ ಮೇಲೆ, ಕೆಂಪು ದಾರ. ಫೋಟೋದವನು ತೆಗೀರಿ ಅಂದಿದ್ದನಂತೆ. "ಅದನ್ನ ತೆಗೆದ್ರೆ ಇದು ಯಾರ ಫೋಟೋ ಅಂತ ಬೀದಿಯೋರು ಕೇಳ್ತಾರೆ" ಅಂದಳಂತೆ.

ಅವಳು ಬೀಡಿ ಸುತ್ತುವುದನ್ನು ಕಲಿತದ್ದು ಚಿಕ್ಕಮ್ಮನ ಎದುರು ಕೂತು. ಪಕ್ಕದಲ್ಲಿ ಕೂತು ಕಲಿತವರ ಕೈ ಒಂದು ಥರ, ಎದುರು ಕೂತು ಕಲಿತವರದ್ದು ಇನ್ನೊಂದು ಥರ. ಚಿಕ್ಕಮ್ಮ ಬಲಗೈಯಲ್ಲಿ ಮಾಡಿದ್ದನ್ನು ಇವಳು ಕನ್ನಡಿಯಲ್ಲಿ ಕಂಡ ಹಾಗೆ ಎಡಗೈಗೆ ಇಳಿಸಿಕೊಂಡಳು. ಊಟ, ಸಹಿ, ಮಗನಿಗೆ ಬಿದ್ದ ಏಟು ಎಲ್ಲ ಬಲಗೈಯಲ್ಲೇ. ಬೀಡಿ ಮಾತ್ರ ಎಡಗೈ. ಎಲೆಯೊಳಗೆ ಹೊಗೆಸೊಪ್ಪಿನ ಪುಡಿ ಹಾಕಿ ಸುತ್ತಿ, ತುದಿ ಮಡಚಿ, ದಾರ ಎರಡು ಸುತ್ತು ಬಿಗಿದರೆ ಅವಳ ಗಂಟು ಎಡಕ್ಕೆ ವಾಲುತ್ತಿತ್ತು. ಬೀಡಿ ಒಪ್ಪಿಸಿಕೊಳ್ಳುವ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟನ್ನು ಕೈಗೆತ್ತಿಕೊಂಡರೆ ಸಾಕು, ತಲೆ ಎತ್ತದೆ ಹೇಳುತ್ತಿದ್ದ: "ದಾರದಕ್ಕ ಬಂದ್ಲು."

ಐದು ವರ್ಷದ ಹಿಂದೆ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಇಡೀ ದಿನ. ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದೇ ನಿಂತಿತು. ಆಗ ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಬೀಡಿ ಸುತ್ತುವ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ತವರಿನಲ್ಲೇ ಕೆಲಸ ಬರುತ್ತಿತ್ತು, ಬಲಗೈಯಲ್ಲಿ, ಎಲ್ಲರ ಹಾಗೆ. ಆದರೆ ದಾರದಕ್ಕ ಬಿಡಲಿಲ್ಲ.

"ಆ ಗಂಟು ಚೆಕ್ಕರ್ ಕಣ್ಣಿಗೆ ಬಿದ್ರೆ ಪುಸ್ತಕ ಹೋಗುತ್ತೆ. ನನ್ನ ಹಾಗೇ ಕಟ್ಟು."

"ಅದು ಉಲ್ಟಾ ಅಲ್ವಾ ಅತ್ತೆ?"

"ನಿಂಗೆ ಉಲ್ಟಾ. ನಂಗೆ ಅದೇ ನೆಟ್ಟಗೆ."

ಒಂದು ತಿಂಗಳು ಹಿಡಿಯಿತು. ಮೊದಲ ವಾರ ಸೊಸೆ ಅತ್ತೂ ಬಿಟ್ಟಳು. ಕೊನೆಗೆ ತನ್ನ ಹಳೆಯ ಕಟ್ಟೊಂದನ್ನೂ ಸೊಸೆಯ ಕಟ್ಟನ್ನೂ ಪಕ್ಕಪಕ್ಕ ಇಟ್ಟರೆ ಯಾರದ್ದು ಯಾವುದೆಂದು ದಾರದಕ್ಕನಿಗೇ ಗೊತ್ತಾಗಲಿಲ್ಲ. ಅವತ್ತು ಅವಳಿಗೆ ಸಮಾಧಾನವಾಯಿತು. ಸಮಾಧಾನದ ಒಳಗೆ ಸಣ್ಣದೊಂದು ಮುಳ್ಳು ಕೂಡ ಇತ್ತು, ಅದನ್ನು ಅವಳು ಕೆದಕಲು ಹೋಗಲಿಲ್ಲ.

ಪುಸ್ತಕ ಅಂದರೆ ಬ್ರಾಂಚಿನವರು ಪ್ರತಿ ಕೆಲಸಗಾರಳಿಗೂ ಕೊಡುವ ಸಣ್ಣ ನೀಲಿ ಪುಸ್ತಕ. ಇಷ್ಟು ಎಲೆ ಕೊಟ್ಟೆವು, ಇಷ್ಟು ಬೀಡಿ ಬಂತು, ಇಂಥ ತಾರೀಕು. ನೋಡಲು ಅಷ್ಟೇ. ಆದರೆ ರಜೆ, ಆಸ್ಪತ್ರೆಯ ಚೀಟಿ, ಕನ್ನಡಕ, ಹೆರಿಗೆಯ ಸವಲತ್ತು, ವಯಸ್ಸಾದ ಮೇಲೆ ಪಿಂಚಣಿ, ಕಾನೂನು ಕೊಡುವುದೆಲ್ಲ ಅದರ ಮೊದಲ ಪುಟದ ಹೆಸರಿಗೇ ಅಂಟಿಕೊಂಡಿರುತ್ತದೆ. ಆ ಪುಟದಲ್ಲಿದ್ದದ್ದು ದಾರದಕ್ಕನ ಹೆಸರು. ಸೊಸೆಯೂ ನನ್ನ ಜೊತೆ ಸುತ್ತುತ್ತಾಳೆ, ಅವಳಿಗೂ ಒಂದು ಪುಸ್ತಕ ಕೊಡಿ ಎಂದು ದಾರದಕ್ಕ ಕೇಳಿದಾಗ ಬ್ರಾಂಚಿನ ಕಂಟ್ರಾಕ್ಟರ್ "ಒಂದು ಮನೆಗೆ ಒಂದೇ ಪುಸ್ತಕ" ಎಂದು ಕೈತೊಳೆದುಕೊಂಡಿದ್ದ.

ಈಗ ಸೊಸೆಗೆ ಎರಡನೆಯ ಬಸಿರು, ಏಳನೆಯ ತಿಂಗಳು.

ನಲ್ಲಿಯ ಹತ್ತಿರ ಮೂಲೆಮನೆಯವಳು ಬಿಂದಿಗೆ ಇಟ್ಟುಕೊಂಡೇ ಶುರುಮಾಡಿದಳು. "ದಾರದಕ್ಕ, ಈ ಸಲ ಹೆರಿಗೆ ರಜೆ ಯಾರಿಗಂತೆ? ಪುಸ್ತಕದ ಪ್ರಕಾರ ಹೆರೋಳು ನೀನೇ ಅಲ್ವಾ!"

"ಹೌದು ಕಣೇ, ಅವಳಿಜವಳಿ," ಅಂದಳು ದಾರದಕ್ಕ. "ಒಂದನ್ನ ನಿಂಗೇ ಕೊಡ್ತೀನಿ, ಸಾಕ್ಕೋ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಮನೆಗೆ ಬರುವಷ್ಟರಲ್ಲಿ ಆ ನಗು ಮುಖದ ಮೇಲೆ ಇರಲಿಲ್ಲ.

ಯಾಕೆಂದರೆ ಮೊದಲ ಮಗುವಿನ ಸಮಾಚಾರ ಅವಳಿಗೆ ಮರೆತಿರಲಿಲ್ಲ. ಹೆತ್ತ ಹನ್ನೊಂದನೆಯ ದಿನಕ್ಕೆ ಸೊಸೆ ಮೊರದ ಮುಂದೆ ಕೂತಿದ್ದಳು. ತೊಡೆಯ ಮೇಲೆ ಮೊರ, ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ ಕೂಸು. ಮಗು ಅತ್ತರೆ ಕೈ ತೊಳೆದು ಬರಬೇಕು. ಒಂದು ಸಲ ಸೋಪು, ಇನ್ನೊಂದು ಸಲ ಬೂದಿ, ಮತ್ತೆ ಸೋಪು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಆ ಘಾಟು ಉಳಿಯುತ್ತಿತ್ತು. ಹಸಿದ ಕೂಸು ಮೊಲೆಗೆ ಬಾಯಿ ತಂದು, ಸೀನಿ, ಮುಖ ತಿರುಗಿಸಿಬಿಡುತ್ತಿತ್ತು. ತಾಯಿ ಮತ್ತೆ ಕೈ ತೊಳೆಯಲು ಏಳುತ್ತಿದ್ದಳು. ಹಾಗೆ ಏಳುವಾಗ ಹೊಲಿಗೆ ಹಾಕಿದ್ದ ಕಡೆ ಎಳೆದು ತುಟಿ ಕಚ್ಚುತ್ತಿದ್ದುದನ್ನು ಅತ್ತೆ ನೋಡಿದ್ದಳು, ನೋಡಿಯೂ ದಾರದ ಉಂಡೆ ಬಿಡಿಸುತ್ತಾ ಕೂತಿದ್ದಳು. ರಜೆ ಕೇಳಲು ಸೊಸೆಯ ಹೆಸರು ಎಲ್ಲೂ ಇರಲಿಲ್ಲವಲ್ಲ.

ಅಂದು ಮಧ್ಯಾಹ್ನ ಸೊಸೆ ಎಲೆ ಕತ್ತರಿಸುತ್ತಲೇ ಮಾತು ತೆಗೆದಳು.

"ಅತ್ತೆ, ಗುರುವಾರ ಕಾರ್ಮಿಕ ಇಲಾಖೆಯ ಆಫೀಸರಮ್ಮ ಬ್ರಾಂಚಿಗೆ ಬರ್ತಾರಂತೆ. ನನ್ನ ಹೆಸರು ಬರೆಸೋಣ. ಹೆರಿಗೆಗೆ ಮುಂಚಿನ ವರ್ಷ ಕೆಲಸ ಮಾಡಿದ್ದೀನಿ ಅಂತ ಬರಹದಲ್ಲಿ ಇದ್ರೆ ರಜೆ ಸಿಗುತ್ತೆ. ದುಡ್ಡೂ ಬರುತ್ತೆ, ಮಗು ಪಕ್ಕ ಸುಮ್ನೆ ಮಲಗಬಹುದು."

"ನೋಡೋಣ."

ಆ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಸೊಸೆಗೂ ಅದು ಗೊತ್ತಿತ್ತು. ಕತ್ತರಿಯ ಸದ್ದು ಸ್ವಲ್ಪ ಹೆಚ್ಚಾಯಿತು, ಅಷ್ಟೇ.

ದಾರದಕ್ಕ ಕೆಟ್ಟವಳಲ್ಲ. ಆದರೆ ಆ ಪುಸ್ತಕ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಬೀದಿಯ ಎಲ್ಲ ಹೆಂಗಸರ ಕೆಲಸವೂ ಗಂಡಂದಿರ ಹೆಸರಿನಲ್ಲಿತ್ತು. ಹೆಂಗಸರು ಬ್ರಾಂಚಿನ ಮೆಟ್ಟಿಲ ಮೇಲೆ ಒಂಬತ್ತು ದಿನ ಕೂತರು. ಹತ್ತನೆಯ ದಿನ ಕೋಲೂರಿಕೊಂಡು ಬಂದ ಒಬ್ಬ ವಯಸ್ಸಾದ ಅಧಿಕಾರಿ ಒಂದು ಕಟ್ಟು ಎತ್ತಿ ಹಿಡಿದು, "ಇದನ್ನ ಸುತ್ತಿದ ಕೈ ಯಾವುದು?" ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಇವಳು ಎಡಗೈ ಎತ್ತಿದಳು. ಪಕ್ಕದಲ್ಲಿ ನಿಂತಿದ್ದ ಗಂಡ, "ನಿಜ ಸ್ವಾಮಿ, ನಾನು ಸೇದಿದ್ದೇ ಹೊರತು ಸುತ್ತಿದ್ದಿಲ್ಲ" ಅಂದುಬಿಟ್ಟ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಒಂದೊಂದಾಗಿ ಕೈಗಳು ಮೇಲೆದ್ದವು. ಪುಸ್ತಕದ ಜೊತೆಗೆ ಫೋಟೋ ಅಂಟಿಸಿದ ಗುರುತಿನ ಚೀಟಿಯೂ ಬಂತು. ಅವಳು ಹರೆಯದಲ್ಲಿ ಹೇಗಿದ್ದಳು ಎಂಬುದಕ್ಕೆ ಈಗ ಉಳಿದಿರುವುದು ಅದೊಂದೇ ಗುರುತು. ಗಂಡ ಹೋದ. ಬೆರಳೂ ಹೋಯಿತು. ಪುಸ್ತಕದಿಂದಲೂ ಹೆಸರು ಹೋದರೆ ಉಳಿಯುವುದು ಒಲೆಯ ಮುಂದೆ ಕೂತ ಒಬ್ಬ ಅಜ್ಜಿ, ಅಷ್ಟೇ ಅಲ್ಲವೇ ಎಂಬುದು ಅವಳ ಲೆಕ್ಕಾಚಾರ.

ಬುಧವಾರ ಸಂಜೆ ಅವಳು ಟ್ರಂಕಿನಿಂದ ಆ ಚೀಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೊಮ್ಮಗಳು ಬೆನ್ನ ಮೇಲೆ ಬಿದ್ದು ಇಣುಕಿದಳು.

"ಇದು ಅಮ್ಮ!"

"ಅಮ್ಮ ಅಲ್ಲ ಪುಟ್ಟಿ, ನಾನು."

"ಸುಳ್ಳು. ನೀನು ಅಜ್ಜಿ."

"ಮುಂಚೆ ಹೀಗಿದ್ದೆ."

"ಮುಂಚೆ ನೀನು ಅಮ್ಮ ಆಗಿದ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗು ಓಡಿಹೋಯಿತು. ದಾರದಕ್ಕ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಳು. ಆಗಲೂ ಅವಳು ಏನನ್ನೂ ತೀರ್ಮಾನಿಸಿರಲಿಲ್ಲ.

ಗುರುವಾರ ಬ್ರಾಂಚಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ತಗಡಿನ ಮಾಡು, ಒಂದು ಫ್ಯಾನು, ಎಲೆಯ ಮೂಟೆಗಳ ಒದ್ದೆ ವಾಸನೆ. ಆಫೀಸರಮ್ಮ ಹೆಲ್ಮೆಟ್ಟನ್ನು ತಕ್ಕಡಿಯ ಮೇಲಿಟ್ಟು ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ.

ಸೊಸೆ ಅತ್ತೆಯ ಮುಖ ನೋಡಲಿಲ್ಲ. ನೇರ ಮೇಜಿನ ಮುಂದೆ ಹೋಗಿ ನಿಂತಳು. "ಈ ಪುಸ್ತಕದ ಕೆಲಸ ಐದು ವರ್ಷದಿಂದ ನಂದು ಮೇಡಂ."

"ಒಂದು ಮನೆಗೆ ಒಂದೇ ಪುಸ್ತಕ ಮೇಡಂ," ಎಂದ ಕಂಟ್ರಾಕ್ಟರ್.

"ಅದು ಯಾವ ಕಾನೂನಲ್ಲಿದೆ? ತೋರಿಸಿ, ನಾನೂ ಓದ್ತೀನಿ." ಆಫೀಸರಮ್ಮ ಸೊಸೆಯ ಕಡೆ ತಿರುಗಿದಳು. "ಮನೇಲಿ ಕೂತು ಸುತ್ತಿದ್ರೂ ನೀನು ಕೆಲಸಗಾರಳೇ ಕಣಮ್ಮ. ಸುತ್ತೋರ ಹೆಸರು ಬರೆಯೋದು ಇವರ ಜವಾಬ್ದಾರಿ. ಆದ್ರೆ ಐದು ವರ್ಷದಿಂದ ನೀನೇ ಸುತ್ತಿದ್ದು ಅನ್ನೋದು ನಂಗೆ ಗೊತ್ತಾಗ್ಬೇಕಲ್ಲ?"

ಕಂಟ್ರಾಕ್ಟರ್‌ಗೆ ಅಷ್ಟೇ ಸಾಕಾಯಿತು. ಅವರು ಅವತ್ತು ತಂದಿದ್ದ ಒಂದು ಕಟ್ಟನ್ನು ಚೆಕ್ಕರ್ ಕಡೆ ಎಸೆದ. "ಹೇಳಪ್ಪ, ಇದು ಯಾರ ಗಂಟು?"

ಚೆಕ್ಕರ್ ಕಟ್ಟನ್ನು ತಿರುಗಿಸಿದ. ಅದನ್ನೇ ನೋಡುತ್ತಾ, "ಎಡಗೈ ಗಂಟು," ಅಂದ. "ದಾರದಕ್ಕಂದು."

"ನಂದು ಅದು!" ಸೊಸೆಯ ದನಿ ಏರಿತು. ಅಲ್ಲೇ ನೆಲದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತು, ಕೈಗೆ ಸಿಕ್ಕಿದ ಮೊರದಲ್ಲಿ ಚಕಚಕನೆ ನಾಲ್ಕು ಬೀಡಿ ಸುತ್ತಿ ಕಟ್ಟಿದಳು. ನಾಲ್ಕೂ ಗಂಟು ಎಡಕ್ಕೆ.

"ಅತ್ತೆ ಹೇಳಿಕೊಟ್ಟಿದಾಳೆ," ಎಂದು ನಕ್ಕ ಕಂಟ್ರಾಕ್ಟರ್. "ಹೋದ ವಾರ ಕಲಿತಿರಬಹುದು. ಐದು ವರ್ಷಕ್ಕೆ ಸಾಕ್ಷಿ ಏನು?"

ಸೊಸೆ ತಾನು ಕಟ್ಟಿದ ನಾಲ್ಕು ಗಂಟುಗಳನ್ನು ನೋಡಿದಳು. ತನ್ನ ಕೈಯ ಗುರುತನ್ನು ಅಳಿಸಿಕೊಳ್ಳಲು ಅವಳು ಒಂದು ತಿಂಗಳು ಬೆವರು ಹರಿಸಿದ್ದಳು. ಅದು ಎಷ್ಟು ಚೆನ್ನಾಗಿ ಅಳಿಸಿಹೋಗಿತ್ತೆಂದರೆ ಈಗ ಐದು ವರ್ಷದ ದುಡಿಮೆಯಲ್ಲಿ ತನ್ನದು ಎಂದು ತೋರಿಸಲು ಒಂದು ಎಳೆಯೂ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ದಾರದಕ್ಕನಿಗೆ ಕೋಲೂರಿಕೊಂಡಿದ್ದ ಆ ಹಿರಿಯ ಅಧಿಕಾರಿಯ ನೆನಪಾಯಿತು. ಅವತ್ತು ಪಕ್ಕದಲ್ಲಿ ನಿಂತಿದ್ದ ಗಂಡ ಒಂದು ಮಾತು ಆಡದೇ ಇದ್ದಿದ್ದರೆ? ಅವನಿಗೇನು, ಸುಮ್ಮನಿರಬಹುದಿತ್ತು. ಇಂದು ಆ ಜಾಗದಲ್ಲಿ ತಾನು ನಿಂತಿದ್ದೇನೆ.

ಅವಳು ಮುಂದೆ ಬಂದು ಸೊಸೆಯ ಪಕ್ಕ ಕುಕ್ಕರಿಸಿದಳು. "ಮೊರ ಇತ್ಲಾಗ್ ಕೊಡು."

"ಅತ್ತೆ, ಬೇಡ."

"ಕೊಡೇ ಅಂದ್ರೆ."

ಎಲೆ ತೆಗೆದುಕೊಂಡಳು. ಪುಡಿ ಹಾಕಿದಳು, ಅರ್ಧ ನೆಲಕ್ಕೆ ಬಿತ್ತು. ಸುತ್ತಲು ಹೋದರೆ ಹೆಬ್ಬೆರಳು ಬಗ್ಗಲಿಲ್ಲ. ಎಲೆ ಸೀಳಿತು. ಇನ್ನೊಂದು ಎಲೆ. ಅದು ಹೇಗೋ ಸುತ್ತಿಕೊಂಡಿತು, ಆದರೆ ಕಿವಿಯ ಮೇಲಿನ ದಾರ ತೆಗೆದು ಕಟ್ಟಲು ಹೋದಾಗ ದಾರ ಜಾರಿ, ಬೀಡಿ ಬಾಯಿಬಿಟ್ಟು ಮಡಿಲಲ್ಲಿ ಚೆಲ್ಲಿತು. ಐದು ವರ್ಷ ಬೀದಿಯವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ದ ಊದಿದ ಬೆರಳುಗಳನ್ನು ಅವಳು ಎರಡೂ ಕೈ ಚಾಚಿ ಆಫೀಸರಮ್ಮನ ಮುಂದೆ ಹಿಡಿದಳು.

"ನೋಡಿ ತಾಯಿ. ಇದು ನಿನ್ನೆ ಮೊನ್ನೆ ಆಗಿದ್ದಲ್ಲ. ಈ ಕೈಯಲ್ಲಿ ಆ ಗಂಟು ಬರುತ್ತಾ? ನನ್ನ ಹೆಸರಲ್ಲಿ ದುಡಿದಿದ್ದು ಇವಳು. ಎಡಗೈಯಲ್ಲಿ ಕಟ್ಟು ಅಂದೋಳು ನಾನು."

ಚೆಕ್ಕರ್ ಕನ್ನಡಕ ತೆಗೆದು ಒರೆಸಿಕೊಂಡ. "ನಂಗೂ ಗೊತ್ತಿತ್ತು ಮೇಡಂ," ಅಂದ ಮೆಲ್ಲಗೆ.

ಕಂಟ್ರಾಕ್ಟರ್ ಅವನನ್ನು ನುಂಗುವ ಹಾಗೆ ನೋಡಿದ.

"ದಾರದಕ್ಕ ದಾರಾನ ಹಲ್ಲಲ್ಲಿ ಕಚ್ಚಿ ಕೀಳ್ತಿದ್ಲು, ತುದಿ ಬಿರಿದಿರ್ತಿತ್ತು. ಐದು ವರ್ಷದಿಂದ ಕತ್ತರೀಲಿ ಕತ್ತರಿಸಿದ ತುದಿ ಬರ್ತಿದೆ. ಬೇಕಾದ್ರೆ ಗೋದಾಮಿನ ಹಳೇ ಮಾದರಿ ಕಟ್ಟುಗಳನ್ನ ತೆಗೆದು ನೋಡಿ, ಎಲ್ಲಕ್ಕೂ ತಾರೀಕು ಅಂಟಿಸಿದೆ."

"ಮತ್ತೆ ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ?"

"ಹೇಳಿದ್ರೆ ಅವರ ಪುಸ್ತಕ ಹೋಗ್ತಿತ್ತಲ್ಲ ಮೇಡಂ."

ಮಾದರಿ ಕಟ್ಟುಗಳು ಬಂದವು. ಆಫೀಸರಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಬರೆಯುತ್ತಾ ಹೋದಳು. ಸೊಸೆಗೆ ಹೊಸ ಪುಸ್ತಕ, ಕತ್ತರಿಸಿದ ತುದಿ ಮೊದಲು ಕಂಡ ತಾರೀಕಿನಿಂದ. ಕಂಟ್ರಾಕ್ಟರ್‌ಗೆ ನೋಟಿಸು. ದಾರದಕ್ಕನ ಪುಸ್ತಕದಲ್ಲಿ ಅದೇ ತಾರೀಕಿನ ಕೆಳಗೆ ಒಂದು ಕೆಂಪು ಗೆರೆ.

"ಇದರ ಮೇಲಿನ ವರ್ಷಗಳೆಲ್ಲ ನಿಮ್ಮವೇ, ಯಾರೂ ಮುಟ್ಟೋ ಹಾಗಿಲ್ಲ. ಪಿಂಚಣಿಗೆ ಅರ್ಜಿ ಹಾಕೋಣ," ಅಂದಳು.

ದಾರದಕ್ಕ ತಲೆಯಾಡಿಸಿದಳು. ದಾರಿಯುದ್ದಕ್ಕೂ ಪುಸ್ತಕ ತೆರೆದು ಆ ಗೆರೆಯನ್ನೇ ನೋಡುತ್ತಾ ನಡೆದಳು. ಸೊಸೆ ಏನೋ ಹೇಳಲು ಹೋದಾಗ, "ಕಾಲ ಕೆಳಗೆ ನೋಡ್ಕೊಂಡು ನಡಿ, ಕಲ್ಲಿದೆ" ಅಂದಳು. ಎರಡು ದಿನ ಅವಳ ಊಟ ಅಷ್ಟಕ್ಕಷ್ಟೇ ಇತ್ತು.

ಎರಡು ತಿಂಗಳ ಮೇಲೆ ಕೂಸು ಹುಟ್ಟಿತು. ಹನ್ನೊಂದನೆಯ ದಿನ ಮೊರ ಗೋಡೆಗೆ ಒರಗಿತ್ತು, ಮನೆಯಲ್ಲಿ ಒಂದು ಚಿಟಿಕೆ ಪುಡಿ ಇರಲಿಲ್ಲ. ಹಗಲು ಹನ್ನೆರಡಾದರೂ ಸೊಸೆ ಮಗುವಿಗೆ ಹಾಲೂಡಿಸುತ್ತಾ ಅರೆನಿದ್ದೆಯಲ್ಲಿದ್ದಳು. ಮಗು ಸೀನಲಿಲ್ಲ, ಮುಖ ತಿರುಗಿಸಲಿಲ್ಲ. ದಾರದಕ್ಕ ಅದನ್ನು ಸುಮ್ಮನೆ ನೋಡುತ್ತಾ ಕೂತಿದ್ದಳು.

ಹಾಲು ಕುಡಿದ ಮೇಲೆ ದಾರದಕ್ಕನ ಮಗ ಕೂಸನ್ನು ಎತ್ತಿಕೊಂಡು ಒದ್ದೆಯಾದ ಅಂಗಿ ಬದಲಿಸಲು ಹೋದ. ಅಂಗಿಯ ಲಾಡಿ ಬಿಚ್ಚಲಾಗದೆ ಒದ್ದಾಡಿದ.

"ಏನಮ್ಮ ಇದು, ಇವಳು ಎಂಥಾ ಗಂಟು ಹಾಕಿದಾಳೆ? ಎಳೆದಷ್ಟೂ ಬಿಗಿಯಾಗ್ತಿದೆ!"

ದಾರದಕ್ಕ ಬಗ್ಗಿ ನೋಡಿದಳು. ಗಂಟು ಎಡಕ್ಕೆ ವಾಲಿತ್ತು.

"ನೀನು ಉಲ್ಟಾ ಎಳೀತಿದೀಯ ಕಣೋ," ಅಂದಳು. "ಎಡಗಡೆಯಿಂದ ಎಳಿ."